ಎಲೆಅಡಿಕೆ ಅಗಿದ ಹಾಗೆ ದವಡೆ ಆಡಿಸ್ತಿದಾನೆ, ನೊರೆ ಬರ್ತಿದೆ, ಡಾಕ್ಟ್ರು ಸಿಗ್ತಿಲ್ಲ, ಬೇಗ ಹೇಳಿ

ತೋಟದಮನೆ (ಸೋಮವಾರ ರಾತ್ರಿ 9:40)
ನಮ್ಮ ನಾಯಿ ಕರಿಯಂಗೆ ಆರು ದಿನದಿಂದ ಹುಷಾರಿಲ್ಲ. ಊಟ ಬಿಟ್ಟಿದಾನೆ, ಕಣ್ಣು ತುಂಬಾ ಗೀಜು, ಮೂಗಲ್ಲಿ ಗಟ್ಟಿ ಸಿಂಬಳ, ಇವತ್ತು ಮಧ್ಯಾಹ್ನದಿಂದ ಎಲೆಅಡಿಕೆ ಅಗಿದ ಹಾಗೆ ದವಡೆ ಕಟಕಟ ಅಂತ ಆಡಿಸ್ತಾನೆ, ಬಾಯಲ್ಲಿ ನೊರೆ, ಒಂದು ನಿಮಿಷ ಆಗಿ ನಿಲ್ಲತ್ತೆ, ಎದ್ದು ಯಾರು ಅಂತಾನೇ ಗೊತ್ತಿಲ್ಲದ ಹಾಗೆ ನೋಡ್ತಾನೆ. ನಮ್ಮದು ಹೊಸನಗರದಿಂದ ಇನ್ನೂ ಒಳಗೆ, ಪಶು ಆಸ್ಪತ್ರೆ ಡಾಕ್ಟ್ರಿಗೆ ಮೂರು ಊರಿನ ಚಾರ್ಜು, ಈಗ ಕಾಲುಬಾಯಿ ಜ್ವರದ ಲಸಿಕೆಗೆ ಮನೆಮನೆ ತಿರುಗ್ತಿದಾರೆ, ಫೋನ್ ಮಾಡಿದ್ರೆ ನಾಳೆ ನಾಡಿದ್ದು ಅಂತಾರೆ. ಶಿವಮೊಗ್ಗಕ್ಕೆ ಎರಡೂವರೆ ಗಂಟೆ ದಾರಿ, ಗಾಡಿ ಇಲ್ಲ, ಅಡಿಕೆ ಕೊಯ್ಲು ಬೇರೆ. ವ್ಯಾಕ್ಸಿನ್ ಎಲ್ಲಾ ಆಗಿದೆ, ಅದನ್ನ ಕೇಳ್ಬೇಡಿ. ಏನು ಕೊಡ್ಬೇಕು ಅಷ್ಟು ಹೇಳಿ ಸಾಕು.

ಮುಧೋಳ_ಮಂದಿ (9:58)
ಉಣ್ಣಿ ಜ್ವರನ ಐತ್ರಿ ಇದು, ಎರಡು ಮಾತಿಲ್ಲ. ಮಲೆನಾಡಾಗ ಉಣ್ಣಿ ಕಾಟ ಎಷ್ಟೈತಿ ಅಂತ ನಿಮಗ ಹೇಳೂದು ಬ್ಯಾಡ. ಡಾಕ್ಸಿಸೈಕ್ಲಿನ್ ಚಾಲೂ ಮಾಡ್ರಿ, 28 ದಿನ ಬಿಡದಂಗ. ನಮ್ಮ ಒಂದು ಹೆಣ್ಣು ನಾಯಿಗೆ ಹಿಂಗ ಆಗಿತ್ತು, ನಾಕ ದಿನಕ್ಕ ಎದ್ದು ಓಡಿತು.

ತೋಟದಮನೆ (10:05)
ಮೈ ಮೇಲೆ ಒಂದು ಉಣುಗೂ ಇಲ್ಲ ಸರ್.

ಮುಧೋಳ_ಮಂದಿ (10:09)
ಕಿವಿ ಒಳಗ ನೋಡ್ರಿ, ಬೆರಳ ಸಂದಿ ನೋಡ್ರಿ. ಕಚ್ಚಿ ಉದುರಿ ಹೋಗಿರ್ತಾವ, ಜ್ವರ ಆಮ್ಯಾಲ ಬರ್ತೈತಿ. ಒಸಡು ಬೆಳ್ಳಗಾಗೇತೇನು?

ತೋಟದಮನೆ (10:20)
ಒಸಡು ಕೆಂಪಾಗೇ ಇದೆ. ಬೆರಳ ಸಂದಿನೂ ನೋಡ್ದೆ, ಏನಿಲ್ಲ. ಆದ್ರೆ ಅಂಗಾಲು ಮುಟ್ಟಿದ್ರೆ ಒಣಗಿದ ಹಾಳೆ ಮುಟ್ಟಿದ ಹಾಗಿದೆ, ಅಷ್ಟು ಗಟ್ಟಿ. ಸಿಮೆಂಟ್ ಮೇಲೆ ನಡೆದ್ರೆ ಟಕ್ ಟಕ್ ಅಂತ ಸದ್ದು ಬರತ್ತೆ, ಮೂಗಿನ ತುದಿ ಒಡೆದು ಸೀಳು ಬಿಟ್ಟಿದೆ. ಗದ್ದೆ ಕೆಲಸಕ್ಕೆ ಹೋಗಿ ಹೀಗಾಗಿದ್ಯೇನೋ ಅಂದ್ಕೊಂಡಿದ್ವಿ. ಜ್ವರ ಇದೆ ಅಂತ ಅರ್ಧ ಪ್ಯಾರಸಿಟಮಾಲ್ ಕೊಟ್ಟಿದೀನಿ ಎರಡು ದಿನ.

ಸಹನಾ_ಮೈಸೂರು (10:31)
ಅಣ್ಣಾ ಒಂದ್ ನಿಮಿಷ. ಪ್ಯಾರಸಿಟಮಾಲ್ ನಿಲ್ಸಿ, ಮನುಷ್ಯರ ನೋವಿನ ಮಾತ್ರೆ ಯಾವುದೂ ಬೇಡ, ಐಬುಪ್ರೊಫೆನ್ ಅಂತೂ ಹೊಟ್ಟೆ ಕಿಡ್ನಿ ಎರಡೂ ಹಾಳು ಮಾಡತ್ತೆ. ಇನ್ನೊಂದು, ವ್ಯಾಕ್ಸಿನ್ ಆಗಿದೆ ಅಂದ್ರಲ್ಲ, ಯಾವುದು? ಎಲ್ಲಿ ಹಾಕ್ಸಿದ್ರಿ? ಕಾರ್ಡಲ್ಲಿ ಏನು ಬರೆದಿದೆ?

ತೋಟದಮನೆ (10:44)
ಪಂಚಾಯ್ತಿ ಹತ್ರ ಪ್ರತಿ ವರ್ಷ ಸೆಪ್ಟೆಂಬರ್ 28ಕ್ಕೆ ಕ್ಯಾಂಪ್ ಆಗತ್ತೆ, ಫ್ರೀ, ಎರಡು ವರ್ಷನೂ ತಪ್ಪಿಸಿಲ್ಲ. ಕಾರ್ಡ್ ಕೊಟ್ಟಿಲ್ಲ, ಒಂದು ಚೀಟಿ ಇತ್ತು.

ಸಹನಾ_ಮೈಸೂರು (10:52)
ಅದು ಹುಚ್ಚುನಾಯಿ ರೋಗದ್ದು ಮಾತ್ರ ಅಣ್ಣಾ, ಸೆಪ್ಟೆಂಬರ್ 28 ರೇಬಿಸ್ ದಿನ. ಡಿಸ್ಟೆಂಪರ್ ಅಂತ ನಾಯಿಗಳಿಗೆ ಬರೋ ವೈರಸ್ ರೋಗ ಇದೆ, ಅದಕ್ಕೆ ಬೇರೆ ಇಂಜೆಕ್ಷನ್, ಸೆವೆನ್ ಇನ್ ಒನ್, ನೈನ್ ಇನ್ ಒನ್ ಅಂತಾರಲ್ಲ, ಹಲವು ರೋಗಕ್ಕೆ ಸೇರಿಸಿ ಹಾಕೋದು, ಅದು, ಮರಿ ಆರೆಂಟು ವಾರ ಇದ್ದಾಗ ಶುರು ಮಾಡಿ 16 ವಾರ ಆಗೋವರೆಗೂ ಮೂರು ನಾಲ್ಕು ವಾರಕ್ಕೊಂದು ಹಾಕಬೇಕು. ಅದನ್ನ ಕ್ಯಾಂಪಲ್ಲಿ ಹಾಕಲ್ಲ, ದುಡ್ಡು ಕೊಟ್ಟು ಹಾಕಿಸ್ಬೇಕು. ವ್ಯಾಕ್ಸಿನ್ ಆಗಿದೆ ಅಂತ ನಂಬಿ ಕೂತ ಎಷ್ಟು ಮನೆ ನಾಯಿ ನೋಡಿದೀನಿ ನಾನು. ಗಟ್ಟಿ ಅಂಗಾಲು, ಒಡೆದ ಮೂಗು, ಗೀಜು, ದವಡೆ ಅಗಿಯೋ ಫಿಟ್ಸ್, ಇಷ್ಟೂ ಒಟ್ಟಿಗೆ ಇದ್ರೆ ನನ್ನ ತಲೆಗೆ ಮೊದಲು ಬರೋದು ಡಿಸ್ಟೆಂಪರೇ. ಹೋದ ತಿಂಗಳಲ್ಲಿ ಯಾವುದಾದ್ರೂ ಹೊಸ ನಾಯಿ, ಮರಿ ಮನೆಗೆ ಬಂದಿತ್ತಾ?

ತೋಟದಮನೆ (11:03)
ತಂಗಿ ಮನೆಯಿಂದ ಒಂದು ಮರಿ ತಂದಿದ್ವಿ. ಹತ್ತು ದಿನ ಇತ್ತು, ಸಿಂಬಳ ಭೇದಿ ಆಗಿ ಸತ್ತೋಯ್ತು. ಥಂಡಿಗೆ ಹೋಯ್ತು ಅಂದ್ಕೊಂಡ್ವಿ. ಇವನ ಜೊತೆ ಒಂದೇ ಗೋಣಿ ಮೇಲೆ ಮಲಗ್ತಿತ್ತು.
ಇನ್ನೊಂದು ಹೇಳೋದು ಮರೆತೆ, ಆರು ದಿನ ಅಂದೆ, ಅದು ಎರಡನೇ ಸಲ. ಸುಮಾರು 19 ದಿನದ ಹಿಂದೆ ಎರಡು ದಿನ ಜ್ವರ ಬಂದು ಕಣ್ಣು ಕೆಂಪಾಗಿ, ಆಮೇಲೆ ತಾನೇ ಸರಿ ಹೋಗಿದ್ದ.

ಮುಧೋಳ_ಮಂದಿ (11:10)
ಜ್ವರ ಬಂದು ಹೋಗಿ ಮತ್ತ ಬರೂದು ಉಣ್ಣಿ ಜ್ವರದಾಗೂ ಆಗ್ತೈತಿ. ರಕ್ತ ಟೆಸ್ಟ್ ಮಾಡಿಸ್ದ ಡಿಸ್ಟೆಂಪರ್ ಅನಬ್ಯಾಡ್ರಿ.

ಹಳೇ_ಕಾಂಪೌಂಡರ್ (ಮಂಗಳವಾರ ಬೆಳಿಗ್ಗೆ 5:50)
ರಾತ್ರಿ ನೋಡಿರ್ಲಿಲ್ಲ. 31 ವರ್ಷ ಪಶು ಆಸ್ಪತ್ರೇಲಿ ಕೆಲಸ ಮಾಡಿದವನು ನಾನು, ಡಾಕ್ಟರ್ ಅಲ್ಲ, ಆದ್ರೆ ಇಂಥ ನಾಯಿಗಳನ್ನ ಕೈಯಾರೆ ಹಿಡಿದಿದೀನಿ. ತಮ್ಮಾ, ಔಷಧಿ ಆಮೇಲೆ. ಮೊದಲು ಹೇಳು, ಆ ಜೊಲ್ಲು ನೊರೆ ಒರೆಸಿದ್ದು ಬರಿಗೈಲಾ? ಕೈಯಲ್ಲಿ ಗಾಯ ಇದ್ಯಾ?

ತೋಟದಮನೆ (6:15)
ಬರಿಗೈಲೇ. ಅಡಿಕೆ ಸುಲಿದು ಹೆಬ್ಬೆರಳು ತೋರು ಬೆರಳು ಎರಡೂ ಸೀಳಿದೆ.

ಹಳೇ_ಕಾಂಪೌಂಡರ್ (6:27)
ಹಾಗಾದ್ರೆ ಈಗಲೇ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ಕೈ ತೊಳಿ, ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ ಒಡೆದ ಚರ್ಮಕ್ಕೆ ಜೊಲ್ಲು ತಾಗಿದೆ ಅಂತ ಹೇಳು, ಇಂಜೆಕ್ಷನ್ ಬೇಕೋ ಬೇಡವೋ ಅವರು ಹೇಳ್ತಾರೆ. ಹೆದರಿಸ್ತಿಲ್ಲ. ವರ್ಷಾ ವರ್ಷ ರೇಬಿಸ್ ಲಸಿಕೆ ಆಗಿದೆ, ರೇಬಿಸ್ ಲಕ್ಷಣ ಶುರುವಾದ ನಾಯಿ ಹತ್ತು ದಿನದ ಒಳಗೆ ಹೋಗಿಬಿಡತ್ತೆ, ನಿನ್ನ ನಾಯಿ 19 ದಿನದಿಂದ ನಡೀತಿದಾನೆ, ಹಾಗಾಗಿ ಅದಾಗಿರೋ ಸಾಧ್ಯತೆ ತೀರಾ ಕಮ್ಮಿ. ಆದ್ರೂ ನೊರೆ, ಫಿಟ್ಸ್, ಗುರುತು ಹಿಡೀದೇ ಇರೋದು, ಇದನ್ನೆಲ್ಲ ಫೋನಲ್ಲಿ ನೋಡಿ ರೇಬಿಸ್ ಅಲ್ಲ ಅಂತ ಯಾರೂ ಬರೆದುಕೊಡಕ್ಕಾಗಲ್ಲ. ಮಕ್ಕಳು ಹತ್ರ ಹೋಗೋದು ಬೇಡ. ಡಿಸ್ಟೆಂಪರ್ ಆದ್ರೆ ಮನುಷ್ಯರಿಗೆ ಬರಲ್ಲ, ಅದೊಂದು ಸಮಾಧಾನ.

ಕೋಳಿಫಾರಂ_ತುಮಕೂರು (7:40)
ಡಿಸ್ಟೆಂಪರ್ ಆದ್ರೆ ಒಂದೇ ದಾರಿ ಬ್ರೋ, ರಾಣಿಖೇತ್ ವ್ಯಾಕ್ಸಿನ್. ಕೋಳಿಗೆ ಹಾಕೋದು, ಅದರ ಬಗೆಗಳಾದ ಲಸೋಟ ಆಗ್ಲಿ ಆರ್‌ಟುಬಿ ಆಗ್ಲಿ. ನಾಯಿಗೆ ಒಂದು ಡೋಸ್ ಚುಚ್ಚಿದ್ರೆ ಮೈಯಲ್ಲಿ ಶಕ್ತಿ ಎದ್ದು ವೈರಸ್ ಓಡತ್ತೆ. ವಿಡಿಯೋಗಳು ಬೇಕಾದಷ್ಟಿವೆ. ನನ್ನ ಹತ್ರ 8000 ಕೋಳಿ ಇದಾವೆ, ಫ್ರಿಜ್‌ನಲ್ಲಿ ಯಾವಾಗ್ಲೂ ಸ್ಟಾಕ್ ಇರತ್ತೆ.

ಸಹನಾ_ಮೈಸೂರು (7:55)
ದಯವಿಟ್ಟು ಬೇಡ. ಅದು ಜೀವಂತ ವೈರಸ್ ಇರೋ ಕೋಳಿ ಲಸಿಕೆ, ನಾಯಿಗೆ ಅಂತ ಮಾಡಿದ್ದಲ್ಲ. ಕೆಲಸ ಮಾಡತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಬದುಕಿದ ನಾಯಿ ವಿಡಿಯೋ ಹಾಕ್ತಾರೆ, ಸತ್ತಿದ್ದು ಯಾರು ಹಾಕ್ತಾರೆ?

ಕೋಳಿಫಾರಂ_ತುಮಕೂರು (8:02)
ನಿಮ್ಮ ಡಾಕ್ಟ್ರ ಹತ್ರ ಡಿಸ್ಟೆಂಪರ್‌ಗೆ ಔಷಧಿ ಇದ್ಯಾ? ಇಲ್ಲ ಅಲ್ವಾ? ಮತ್ತೆ ಟ್ರೈ ಮಾಡೋದ್ರಲ್ಲಿ ತಪ್ಪೇನು?

ಮುಧೋಳ_ಮಂದಿ (8:11)
ಕೋಳಿ ಔಷಧ ನಾಯಿಗೆ, ನಾಯಿ ಔಷಧ ಕೋಳಿಗೆ, ಇದೇನ್ರೀ ಇದು. ನನ್ನ ಕಡೆ ಆರು ಮುಧೋಳ ನಾಯಿ ಅದಾವ, ತಿಮ್ಮಾಪುರದ ಸಂಶೋಧನಾ ಕೇಂದ್ರದಿಂದ ತಂದ ಮರಿ ಎರಡು. ಒಂದಕ್ಕೂ ಇವತ್ತಿನ ತನಕ ಡಿಸ್ಟೆಂಪರ್ ಬಂದಿಲ್ಲ. ಯಾಕಂದ್ರ ವ್ಯಾಕ್ಸಿನ್ ತರೂದು ಐಸ್ ಪ್ಯಾಕ್ ಇಟ್ಟ ಡಬ್ಬಿ ಒಳಗ, ಥರ್ಮಾಮೀಟರ್ ಹಾಕಿ 2ರಿಂದ 8 ಡಿಗ್ರಿ ನೋಡ್ಕೊಂತ ತರ್ತೀನಿ. ಡಬ್ಬಿಗೇ 2000 ಕೊಟ್ಟೀನಿ. ಬ್ಯಾಸಗಿಯಾಗ ಬಸ್‌ನ್ಯಾಗ ಚೀಲದಾಗ ಹಾಕ್ಕೊಂಡು ತಂದ ವ್ಯಾಕ್ಸಿನ್ ನೀರಿನ ಸಮ. ಕೆನಲ್ ನೆಲ ಶಹಾಬಾದ್ ಕಲ್ಲು, ದಿನಾ ತೊಳೀತೀವಿ, ಬೆಳಗಿನ 5ಕ್ಕ ನಾಕ ಕಿಲೋಮೀಟರ್ ಓಟ…

ಸಹನಾ_ಮೈಸೂರು (8:15)
ಸರ್ ನಿಮ್ಮ ನಾಯಿಗಳ ಬಗ್ಗೆ ಬೇರೆ ಚರ್ಚೆ ತೆಗೀರಿ, ಖಂಡಿತ ಓದ್ತೀನಿ. ಇಲ್ಲಿ ಒಂದು ಜೀವ ಒದ್ದಾಡ್ತಿದೆ.

ಹಳೇ_ಕಾಂಪೌಂಡರ್ (8:40)
ಔಷಧಿ ಇಲ್ಲ ಅನ್ನೋದು ನಿಜ, ವೈರಸ್ಸನ್ನ ಕೊಲ್ಲೋ ಮದ್ದಿಲ್ಲ. ಆದ್ರೆ ನಾಯಿ ಸಾಯೋದು ಬರೀ ವೈರಸ್ಸಿಂದ ಅಲ್ಲ, ನೀರಾರಿ ಸಾಯತ್ತೆ, ಕಫ ಕಟ್ಟಿ ನ್ಯುಮೋನಿಯಾ ಆಗಿ ಸಾಯತ್ತೆ, ಹೊಟ್ಟೆಗಿಲ್ಲದೆ ಸಾಯತ್ತೆ. ಅದನ್ನ ತಡೆದ್ರೆ ದೊಡ್ಡ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಉಳೀತಾವೆ. ಮರಿಗಳು ಕಷ್ಟ. ತಮ್ಮಾ ತೂಕ ಎಷ್ಟು?

ತೋಟದಮನೆ (9:30)
ಅಡಿಕೆ ತೂಗೋ ತಕ್ಕಡೀಲಿ ಎತ್ತಿಕೊಂಡು ನಿಂತು ನೋಡ್ದೆ, 18 ಕೆಜಿ. ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದೆ, ಇಂಜೆಕ್ಷನ್ ಶುರು ಮಾಡಿದಾರೆ.

ಹಳೇ_ಕಾಂಪೌಂಡರ್ (9:52)
ಒಳ್ಳೇದಾಯ್ತು. ಈಗ ಕೇಳು. ಬೆನ್ನಿನ ಮೇಲೆ ಚರ್ಮ ಎತ್ತಿ ಬಿಡು, ತಕ್ಷಣ ಕೂತ್ಕೊಳ್ದೆ ಗುಡಾರದ ಹಾಗೆ ನಿಂತ್ರೆ ನೀರಾರಿದೆ ಅಂತ. 18 ಕೆಜಿಗೆ ದಿನಕ್ಕೆ 900 ಎಂಎಲ್ ಹತ್ರ ನೀರು ಬೇಕೇ ಬೇಕು, ಭೇದಿ ಇದ್ರೆ ಇನ್ನೂ ಜಾಸ್ತಿ. ವಾಂತಿ ಇಲ್ಲ ಅಂದ್ರೆ ಒಆರ್‌ಎಸ್, ಇಲ್ದಿದ್ರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ ಅರ್ಧ ಟೀ ಚಮಚ ಉಪ್ಪು. ಸೂಜಿ ತೆಗೆದ ಸಿರಿಂಜಲ್ಲಿ ಕೆನ್ನೆ ಪಕ್ಕದಿಂದ ಸ್ವಲ್ಪ ಸ್ವಲ್ಪ, ಅವನ ಎದೆ ನೆಲಕ್ಕೆ ತಾಗೋ ಹಾಗೆ ಕೂರಿಸಿ. ತಲೆ ಮೇಲೆತ್ತಿ ಗಂಟಲಿಗೆ ಸುರೀಬೇಡ, ಶ್ವಾಸಕೋಶಕ್ಕೆ ಹೋಗತ್ತೆ. ಫಿಟ್ಸ್ ಬಂದಾಗ, ಬಂದು ಅರ್ಧ ಗಂಟೆವರೆಗೆ ಬಾಯಿಗೆ ಏನೂ ಬೇಡ.
ಬಾಯಲ್ಲಿ ಹೋಗ್ತಿಲ್ಲ ಅಂದ್ರೆ ನಿಮ್ಮೂರ ಪಶು ಆಸ್ಪತ್ರೇಲಿ ಡಾಕ್ಟ್ರು ಇಲ್ದಿದ್ರೂ ಇನ್ನೊಬ್ಬ ಸಿಬ್ಬಂದಿ ಇರ್ತಾರೆ, ಡಾಕ್ಟ್ರಿಗೆ ಫೋನಲ್ಲಿ ಕೇಳಿ ರಿಂಗರ್ ಲ್ಯಾಕ್ಟೇಟ್ ಅನ್ನೋ ಡ್ರಿಪ್ ಬಾಟ್ಲಿ ಚರ್ಮದ ಕೆಳಗೆ ಕೊಡೋದನ್ನ ತೋರಿಸೋಕೆ ಹೇಳು. ಮೈ ಬಿಸಿಗೆ ತಂದು, ಒಂದು ಜಾಗಕ್ಕೆ 200 ಮೀರದ ಹಾಗೆ. ಗ್ಲೂಕೋಸ್ ಬಾಟ್ಲಿ ಚರ್ಮದ ಕೆಳಗೆ ಬೇಡ, ಹಳ್ಳೀಲಿ ಆ ತಪ್ಪು ಜಾಸ್ತಿ.
ಕಫಕ್ಕೆ ನಿಮ್ಮ ಬಚ್ಚಲುಮನೆ ಸಾಕು. ಹಂಡೆ ನೀರು ಚೆನ್ನಾಗಿ ಕಾಯಿಸಿ ಬಾಗಿಲು ಹಾಕಿ ಹತ್ತು ಹದಿನೈದು ನಿಮಿಷ ಆ ಹಬೇಲಿ ಅವನ ಜೊತೆ ಕೂರು, ಒಲೆಯಿಂದ ದೂರ, ಹೊಗೆ ಇರ್ಬಾರ್ದು. ಆಮೇಲೆ ಅಂಗೈ ಬಟ್ಟಲು ಮಾಡಿ ಎದೆಗೂಡಿನ ಎರಡೂ ಪಕ್ಕ ಮೆತ್ತಗೆ ತಟ್ಟು, ಕೆಮ್ಮಿ ಕಫ ಬಿಡತ್ತೆ. ದಿನಕ್ಕೆ ಮೂರು ಸಲ. ಎಲ್ಲಕ್ಕೂ ಗ್ಲೌಸ್ ಹಾಕ್ಕೋ.

ಸಹನಾ_ಮೈಸೂರು (10:20)
ಸ್ಟೀರಾಯ್ಡ್ ಮಾತ್ರ ಯಾರಾದ್ರೂ ತಾವಾಗೇ ಚುಚ್ಚೋಕೆ ಬಂದ್ರೆ ಬೇಡ ಅನ್ನಿ, ಇರೋ ಶಕ್ತಿನೂ ಹೋಗತ್ತೆ. ಫಿಟ್ಸ್ ಬಂದಾಗ ಗಡಿಯಾರ ನೋಡಿ, ಬಾಯಿಗೆ ಕೈ ಹಾಕ್ಬೇಡಿ, ವಿಡಿಯೋ ಮಾಡಿ. ಐದು ನಿಮಿಷ ದಾಟಿದ್ರೆ, ಅಥವಾ ಒಂದರ ಹಿಂದೆ ಒಂದು ಬಂದ್ರೆ, ಸಾಲ ಮಾಡಿಯಾದ್ರೂ ಶಿವಮೊಗ್ಗ ಪಶುವೈದ್ಯಕೀಯ ಕಾಲೇಜಿಗೆ ಕರ್ಕೊಂಡ್ ಹೋಗಿ. ಫಿಟ್ಸ್ ಮಾತ್ರೆ ಚೀಟಿ ಇಲ್ದೆ ಕೊಡಲ್ಲ, ಕೊಡಲೂಬಾರ್ದು. ಪಶು ಸಹಾಯವಾಣಿ 1962ಕ್ಕೂ ಒಂದು ಫೋನ್ ಮಾಡಿ.

ಕೋಳಿಫಾರಂ_ತುಮಕೂರು (10:26)
1962 ದನ ಎಮ್ಮೆಗೆ. ನಾಯಿಗೆ ಯಾರ್ ಬರ್ತಾರೆ.

ಸಹನಾ_ಮೈಸೂರು (10:29)
ಕೇಳಿ ನೋಡೋಕೆ ದುಡ್ಡು ಕೊಡ್ಬೇಕಾ? ಬರಲ್ಲ ಅಂದ್ರೆ ಹತ್ರದಲ್ಲಿ ಯಾವ ಡಾಕ್ಟ್ರು ಡ್ಯೂಟೀಲಿದಾರೆ ಅಂತಾದ್ರೂ ಕೇಳಬಹುದು.

ಕೋಳಿಫಾರಂ_ತುಮಕೂರು (10:37)
ಮತ್ತೆ ನಾಟಿ ನಾಯಿಗೆ ಇದೆಲ್ಲ ಬರಲ್ಲ ಅಂತಾರಲ್ಲ, ಇಮ್ಯುನಿಟಿ ಜಾಸ್ತಿ ಅಂತ?

ಹಳೇ_ಕಾಂಪೌಂಡರ್ (11:05)
2018ರಲ್ಲಿ ಗುಜರಾತಿನ ಗಿರ್ ಕಾಡಿನ ದಲ್ಖಾನಿಯಾ ವಲಯದಲ್ಲಿ ಕೆಲವೇ ವಾರದಲ್ಲಿ 23 ಸಿಂಹ ಸತ್ತವು, ಪರೀಕ್ಷೆ ಮಾಡಿದಾಗ ಈ ವೈರಸ್ಸೂ ಸಿಕ್ತು. ಸಿಂಹಕ್ಕೇ ಬಿಡದ್ದು ನಾಟಿ ನಾಯಿಗೆ ಬಿಡತ್ತಾ. ಮಲೆನಾಡಲ್ಲಿ ಚಿರತೆ ಅಂಗಳದಿಂದ ನಾಯಿ ಹೊತ್ಕೊಂಡು ಹೋಗತ್ತೆ, ನರಿ ರಾತ್ರಿ ಕೊಟ್ಟಿಗೆ ಹಿಂದೆ ಓಡಾಡತ್ತೆ. ಅದಕ್ಕೇ ಹೇಳೋದು, ಖಾಯಿಲೆ ನಾಯಿನ ಕಾಡಂಚಿಗೆ ಬಿಟ್ಟು ಬರೋ ಕೆಲಸ ಯಾರೂ ಮಾಡ್ಬೇಡಿ.

ತೋಟದಮನೆ (ಗುರುವಾರ ರಾತ್ರಿ 11:30)
ನಿನ್ನೆ ಬೆಳಗಿನ ಜಾವ ಮೂರು ಸಲ ಫಿಟ್ಸ್ ಬಂತು. ಪಕ್ಕದ ಮನೆಯವರ ಓಮ್ನಿ ತಗೊಂಡು ಶಿವಮೊಗ್ಗಕ್ಕೆ ಹೋದ್ವಿ. ಕಣ್ಣಿಂದ ಹತ್ತೀಲಿ ಒರೆಸಿ ಕಿಟ್‌ಗೆ ಹಾಕಿದ್ರು, ಹತ್ತು ನಿಮಿಷಕ್ಕೆ ಎರಡು ಗೆರೆ. ಡಿಸ್ಟೆಂಪರೇ. ರಕ್ತ ಸ್ಲೈಡ್ ನೋಡಿದ್ರು, ಉಣುಗಿನ ಜ್ವರ ಕಾಣ್ಲಿಲ್ಲ. ಫಿಟ್ಸ್ ಮಾತ್ರೆ ದಿನಕ್ಕೆರಡು ಸಲ, ಕಫಕ್ಕೆ ಡಾಕ್ಸಿ, ವಾಂತಿಗೆ ಒಂದು. ಉಳಿಯೋದು ಗ್ಯಾರಂಟಿ ಇಲ್ಲ ಅಂತ ನೇರವಾಗಿ ಹೇಳಿದ್ರು. ಹಬೆ ತಗೋಳೋದು ಮುಂದುವರಿಸಿ ಅಂದ್ರು ಕಾಂಪೌಂಡರಣ್ಣ, ನೀವು ಹೇಳಿದ್ದು ಸರಿ ಇತ್ತು.

ಮುಧೋಳ_ಮಂದಿ (ಶುಕ್ರವಾರ 6:05)
ನಾ ಹೇಳಿದ್ದ ಡಾಕ್ಸಿನ ಕೊಟ್ಟಾರಲ್ರೀ ಮತ್ತ.

ಸಹನಾ_ಮೈಸೂರು (6:30)
ಕೊಟ್ಟಿದ್ದು ಎದೆಯ ಸೋಂಕಿಗೆ ಸರ್, ಉಣ್ಣಿಗಲ್ಲ. ಹೋಗ್ಲಿ ಬಿಡಿ. ಅಣ್ಣಾ, ಅವನು ಮಲಗೋ ಜಾಗಕ್ಕೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ಬಿಸಿಲಿಗೆ ಬಿಡಿ, ಈ ವೈರಸ್ ಬಿಸಿಲು ಸೋಪಿಗೆ ಬೇಗ ಸಾಯತ್ತೆ, ನಾಯಿಗಳ ಇನ್ನೊಂದು ವೈರಸ್ ಪಾರ್ವೋ ಥರ ತಿಂಗಳುಗಟ್ಟಲೆ ಉಳಿಯಲ್ಲ. ಆದ್ರೆ ನಾಯಿ ಮೈಯಿಂದ, ಮೂತ್ರದಿಂದ ಎರಡು ಮೂರು ತಿಂಗಳು ಹೊರಗೆ ಬೀಳ್ತಾ ಇರಬಹುದು, ಅಲ್ಲೀವರೆಗೆ ಕೇರಿ ನಾಯಿಗಳಿಂದ ದೂರ ಕಟ್ಟಿ.

ತೋಟದಮನೆ (ಮೂರು ವಾರ ಆದ್ಮೇಲೆ, ಭಾನುವಾರ)
ಕರಿಯ ಇದಾನೆ. ನಾಲ್ಕು ಕೆಜಿ ಇಳಿದಿದಾನೆ. ಅಮ್ಮ ಗಂಜಿಗೆ ಮೊಟ್ಟೆ ಕಲಸಿ ಬೆರಳಲ್ಲಿ ನೆಕ್ಕಿಸ್ತಿದ್ರು, ಹೋದ ಸೋಮವಾರ ತಟ್ಟೆಗೆ ತಾನೇ ಬಾಯಿ ಹಾಕ್ದ. ಅಂಗಾಲಿನ ಗಟ್ಟಿ ಸಿಪ್ಪೆ ಚಕ್ಕೆ ಚಕ್ಕೆಯಾಗಿ ಉದುರ್ತಿದೆ. ದೊಡ್ಡ ಫಿಟ್ಸ್ ಹನ್ನೊಂದು ದಿನದಿಂದ ಬಂದಿಲ್ಲ. ಆದ್ರೆ ಎಡ ಮುಂಗಾಲು ಒಂದೇ ಸಮ ಅದುರತ್ತೆ, ಸೆಕೆಂಡಿಗೊಂದು ಸಲ, ನಿದ್ದೇಲೂ ನಿಲ್ಲಲ್ಲ, ರಾತ್ರಿ ಜಗಲಿ ಹಲಗೆಗೆ ಉಗುರು ತಾಗಿ ಟಿಕ್ ಟಿಕ್ ಅಂತಿರತ್ತೆ. ಕೇರಿಯವರ ಹತ್ರ ದುಡ್ಡು ಸೇರಿಸಿ ಒಂಬತ್ತು ಮರಿಗೆ ಸೆವೆನ್ ಇನ್ ಒನ್ ತರಿಸ್ತಿದೀವಿ, ಡಾಕ್ಟ್ರು ಗುರುವಾರ ಬಂದು ಹಾಕ್ತೀನಿ ಅಂದಿದಾರೆ. ಮುಧೋಳದ ಸರ್, ಆ ಐಸ್ ಡಬ್ಬಿ ಎಷ್ಟು ಗಂಟೆ ತಣ್ಣಗಿರತ್ತೆ? ಶಿವಮೊಗ್ಗದಿಂದ ಬಸ್ಸಲ್ಲಿ ತರಬೇಕು.

ಮುಧೋಳ_ಮಂದಿ (ಅದೇ ದಿನ)
ಮುಚ್ಚಳ ತೆಗೀಲಿಲ್ಲಂದ್ರ ದಿನಾ ಪೂರ್ತಿ ಇರ್ತೈತ್ರಿ. ಐಸ್ ಪ್ಯಾಕ್ ಫ್ರೀಜರ್‌ದಿಂದ ತೆಗದು ಸ್ವಲ್ಪ ಹೊತ್ತು ಹೊರಗ ಇಟ್ಟು, ಅಲುಗಿಸಿದ್ರ ಒಳಗ ನೀರಿನ ಸದ್ದು ಬರಬೇಕು, ಆವಾಗ ಹಾಕ್ರಿ. ವ್ಯಾಕ್ಸಿನ್ ಬಾಟ್ಲಿ ಪೇಪರ್‌ನ್ಯಾಗ ಸುತ್ತರಿ, ಅದರ ಜೋಡಿ ಕೊಡೂ ನೀರಿನ ಬಾಟ್ಲಿ ಹೆಪ್ಪುಗಟ್ಟಬಾರದು. ಡಬ್ಬಿ ಬೇಕಂದ್ರ ನಂದ ಕೊರಿಯರ್ ಮಾಡ್ತೀನಿ, ಕೆಲಸಾದ ಮ್ಯಾಲ ವಾಪಸ್ ಕಳಸ್ರಿ.

ತೋಟದಮನೆ (ಅದೇ ದಿನ)
ಕಳಿಸಿ ಸರ್, ಖರ್ಚು ನಾನು ಹಾಕ್ತೀನಿ. ಕಾಲು ಅದುರೋದು ನಿಲ್ಲತ್ತಾ ಯಾರಾದ್ರೂ ಹೇಳಿ.

ಹಳೇ_ಕಾಂಪೌಂಡರ್ (ಅದೇ ದಿನ ರಾತ್ರಿ)
ಕೆಲವಕ್ಕೆ ಜೀವಮಾನ ಪೂರ್ತಿ ಇರತ್ತೆ ತಮ್ಮಾ. ನೋವಿರಲ್ಲ, ನಡೀತಾನೆ, ಊಟ ಮಾಡ್ತಾನೆ. ಫಿಟ್ಸ್ ಮಾತ್ರೆ ಮಾತ್ರ ಡಾಕ್ಟ್ರನ್ನ ಕೇಳದೆ ಒಂದು ಹೊತ್ತೂ ಬಿಡಬೇಡ.