ಅನಂತ ಆಯಾಮದಲ್ಲಿ ಇಂಟರ್‌ಪೊಲೇಶನ್: ಬಹುಪದೋಕ್ತಿಗಳು ಮೂಲ ಫಲನವನ್ನು ಯಾವಾಗ ಸಮೀಪಿಸುತ್ತವೆ?

ಪ್ರಶ್ನೆ:
ನಮಸ್ಕಾರ. ಒಂದು ಸಂಕೀರ್ಣ ಚರಾಕ್ಷರದ ಹೋಲೋಮಾರ್ಫಿಕ್ (ಸಂಕೀರ್ಣ ಅರ್ಥದಲ್ಲಿ ಡೆರಿವೇಟಿವ್ ಉಳ್ಳ) ಫಲನಕ್ಕೆ, ಆಯ್ದ ಬಿಂದುಗಳಲ್ಲಿ ಅದರದೇ ಬೆಲೆ ತಾಳುವ ಲಗ್ರಾಂಜ್ ಬಹುಪದೋಕ್ತಿಯನ್ನು ಕಟ್ಟುವುದು, ಅಂದರೆ ಇಂಟರ್‌ಪೊಲೇಶನ್, ಎಲ್ಲರಿಗೂ ತಿಳಿದದ್ದೇ. ಬಾನಾಕ್ ಸ್ಪೇಸ್‌ನಲ್ಲಿ (ಉದ್ದವನ್ನು ಅಳೆಯುವ ನಾರ್ಮ್ ಉಳ್ಳ ಸಂಪೂರ್ಣ ಸದಿಶ ಸ್ಪೇಸ್‌ನಲ್ಲಿ) ಅದನ್ನೇ ಮಾಡಲು, ಆಯ್ದ ಬಿಂದುಗಳಲ್ಲಿ ಬೇರೆ ಬೇರೆ ಬೆಲೆ ತಾಳುವ ಒಂದು ಸಂತತ ರೇಖೀಯ ಫಂಕ್ಷನಲ್ಲನ್ನು (ಸದಿಶಕ್ಕೆ ಸಂಖ್ಯೆಯನ್ನು ಕೊಡುವ ರೇಖೀಯ ಫಲನವನ್ನು) ಹಾನ್–ಬಾನಾಕ್ ಪ್ರಮೇಯದ ನೆರವಿನಿಂದ ಆರಿಸಿಕೊಂಡು, ಅದನ್ನೇ ಚರಾಕ್ಷರವಾಗಿಟ್ಟು ಸೂತ್ರ ಬರೆದೆ. ಬಿಂದುಗಳಲ್ಲಿ ಬೆಲೆಗಳೇನೋ ಹೊಂದುತ್ತವೆ; ಆದರೆ ಆ ಫಂಕ್ಷನಲ್ ಶೂನ್ಯವಾಗುವ ದಿಕ್ಕುಗಳಲ್ಲಿ ನನ್ನ ಬಹುಪದೋಕ್ತಿ ಬದಲಾಗುವುದೇ ಇಲ್ಲ. ಹೀಗಾಗಿ ಎಲ್-2 ಸ್ಪೇಸ್‌ನಲ್ಲಿ (ನಿರ್ದೇಶಾಂಕಗಳ ಮಾನಾಂಕದ ವರ್ಗಗಳ ಮೊತ್ತ ಪರಿಮಿತವಾಗಿರುವ ಅನುಕ್ರಮಗಳ ಸ್ಪೇಸ್‌ನಲ್ಲಿ) ನಿರ್ದೇಶಾಂಕಗಳ ವರ್ಗಗಳ ಮೊತ್ತದಂಥ ಸರಳ ಫಲನವನ್ನೂ ಅದು ಸಮೀಪಿಸಲಾರದು. ಯಾವ ಫಂಕ್ಷನಲ್ಲನ್ನೂ ಆರಿಸದ ಸಹಜ ವಿಧಾನವೊಂದಿದೆಯೇ?

ಉತ್ತರ 1:
ಇದೆ. ನೀವು ಹುಡುಕುತ್ತಿರುವುದು ಕೆರ್ಗಿನ್ ಇಂಟರ್‌ಪೊಲೇಶನ್. 1980ರಲ್ಲಿ ಗಣಿತಜ್ಞ ಮಿಕೆಲ್ಲಿ ಅದಕ್ಕೊಂದು ಸ್ಪಷ್ಟ ಸೂತ್ರ ಕೊಟ್ಟರು: ನ್ಯೂಟನ್ನನ ಇಂಟರ್‌ಪೊಲೇಶನ್ ಸೂತ್ರದಲ್ಲಿ ಭಾಗಿತ ವ್ಯತ್ಯಾಸ (ಬೆಲೆಗಳ ವ್ಯತ್ಯಾಸವನ್ನು ಬಿಂದುಗಳ ವ್ಯತ್ಯಾಸದಿಂದ ಭಾಗಿಸಿದ್ದು) ಬರುವ ಕಡೆಯಲ್ಲೆಲ್ಲ, ಫಲನದ ಅದೇ ದರ್ಜೆಯ ಡೆರಿವೇಟಿವನ್ನು ಆ ಬಿಂದುಗಳನ್ನೇ ಶೃಂಗಗಳಾಗಿ ಉಳ್ಳ ಸಿಂಪ್ಲೆಕ್ಸಿನ (ತ್ರಿಕೋನ, ಚತುಷ್ಫಲಕಗಳ ಸಾಮಾನ್ಯ ರೂಪದ) ಮೇಲೆ ಇಂಟಿಗ್ರೇಟ್ ಮಾಡಿ, ಚರಬಿಂದುವಿನಿಂದ ಒಂದೊಂದು ಬಿಂದುವನ್ನು ಕಳೆದು ಸಿಗುವ ದಿಕ್ಕುಗಳಿಗೆ ಅದನ್ನು ಅನ್ವಯಿಸಬೇಕು. ಈ ಸೂತ್ರದಲ್ಲಿ ಆಯಾಮದ ಪ್ರಸ್ತಾಪವೇ ಇಲ್ಲದಿರುವುದರಿಂದ ಬಾನಾಕ್ ಸ್ಪೇಸ್‌ಗೂ ಹಾಗೆಯೇ ಸಲ್ಲುತ್ತದೆ. ಬಿಂದುಗಳೆಲ್ಲ ಒಂದೇ ಆದರೆ ಟೇಲರ್ ಬಹುಪದೋಕ್ತಿಯೇ ದೊರೆಯುತ್ತದೆ. ಮೂರು ಅಥವಾ ಹೆಚ್ಚು ಬಿಂದುಗಳನ್ನು ತೆಗೆದುಕೊಂಡರೆ ನಿಮ್ಮ ವರ್ಗಗಳ ಮೊತ್ತ ಯಥಾವತ್ತಾಗಿ ಮರಳಿ ಬರುತ್ತದೆ.

ಉತ್ತರ 2:
ದೋಷದ ಅಂದಾಜನ್ನೂ ಸೇರಿಸುತ್ತೇನೆ. ಶೇಷಪದವು, ಅಂದರೆ ಫಲನಕ್ಕೂ ಬಹುಪದೋಕ್ತಿಗೂ ಇರುವ ವ್ಯತ್ಯಾಸವು, ಅದೇ ಬಗೆಯ ಇಂಟಿಗ್ರಲ್. ಸಿಂಪ್ಲೆಕ್ಸಿನ ಗಾತ್ರದಲ್ಲಿರುವ ಕ್ರಮಗುಣಿತವು, ಡೆರಿವೇಟಿವ್‌ಗಳಿಗೆ ಮಿತಿ ಹಾಕುವ ಕೌಶಿ ಅಸಮತೆಯಿಂದ ಬರುವ ಕ್ರಮಗುಣಿತವನ್ನು ಹೊಡೆದುಹಾಕುತ್ತದೆ. ಬಿಂದುಗಳು ಮೂಲಬಿಂದುವಿನ ಸುತ್ತಲ ಒಂದು ಗೋಳದಲ್ಲಿದ್ದು, ಹಿಲ್ಬರ್ಟ್ ಸ್ಪೇಸ್‌ನಲ್ಲಿ (ಎಲ್-2ರಂತೆ ಅಂತರ್ಗುಣಲಬ್ಧವುಳ್ಳ ಬಾನಾಕ್ ಸ್ಪೇಸ್‌ನಲ್ಲಿ) ಅದರ ತ್ರಿಜ್ಯದ 3 ಪಟ್ಟಿಗಿಂತ ದೊಡ್ಡ ಗೋಳದಲ್ಲಿ ಫಲನ ಹೋಲೋಮಾರ್ಫಿಕ್ ಹಾಗೂ ಪರಿಬದ್ಧವಾಗಿದ್ದರೆ (ಬೆಲೆಗಳು ಒಂದು ಮಿತಿಯೊಳಗಿದ್ದರೆ), ಬಿಂದುಗಳ ಸಂಖ್ಯೆ ಏರಿದಂತೆ ಒಳಗಿನ ಆ ಚಿಕ್ಕ ಗೋಳದ ಮೇಲೆ ಬಹುಪದೋಕ್ತಿಗಳು ಏಕರೂಪವಾಗಿ ಫಲನವನ್ನು ಸೇರುತ್ತವೆ. ಸಾಮಾನ್ಯ ಬಾನಾಕ್ ಸ್ಪೇಸ್‌ನಲ್ಲಿ ಸಮಮಿತ ಬಹುರೇಖೀಯ ರೂಪದ ನಾರ್ಮ್ ಬಹುಪದೋಕ್ತಿಯ ನಾರ್ಮಿಗಿಂತ ದೊಡ್ಡದಾಗಬಹುದಾದ್ದರಿಂದ, ಇದೇ ವಾದಕ್ಕೆ ಸುಮಾರು 6.44 ಪಟ್ಟು ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಫಲನವು ಇಡೀ ಸ್ಪೇಸ್‌ನಲ್ಲಿ ಹೋಲೋಮಾರ್ಫಿಕ್ ಆಗಿದ್ದರೆ ಈ ಪರಿಬದ್ಧತೆ ತಾನಾಗಿಯೇ ಒದಗುವುದಿಲ್ಲವೇ?

ಉತ್ತರ 3:
ಒದಗುವುದಿಲ್ಲ, ಅನಂತ ಆಯಾಮದ ನಿಜವಾದ ತೊಡಕು ಇಲ್ಲೇ ಇದೆ. ಎಲ್-2ರಲ್ಲಿ ಮೊದಲ ನಿರ್ದೇಶಾಂಕದ 1ನೇ ಘಾತ, ಎರಡನೆಯದರ 2ನೇ ಘಾತ, ಹೀಗೆ ಎಲ್ಲವನ್ನೂ ಕೂಡಿದರೆ ಬರುವ ಫಲನ ಎಲ್ಲೆಡೆ ಹೋಲೋಮಾರ್ಫಿಕ್. ಆದರೂ ಪ್ರಮಾಣಕ ಸದಿಶಗಳ (ಒಂದೇ ನಿರ್ದೇಶಾಂಕ 1, ಉಳಿದವು 0 ಆದವುಗಳ) ಇಮ್ಮಡಿಯಲ್ಲಿ ಅದರ ಬೆಲೆ 2, 4, 8 ಎಂದು ಎಲ್ಲೆ ಮೀರಿ ಏರುತ್ತದೆ. ಸಂತತ ಬಹುಪದೋಕ್ತಿಗಳು ಪ್ರತಿ ಗೋಳದಲ್ಲೂ ಪರಿಬದ್ಧವಾಗಿರುವುದರಿಂದ, ತ್ರಿಜ್ಯ 2ರ ಗೋಳದ ಮೇಲೆ ಯಾವ ವಿಧಾನದಿಂದಲೂ ಇದನ್ನು ಏಕರೂಪವಾಗಿ ಸಮೀಪಿಸಲಾಗದು. 1975ರ ಜೋಸೆಫ್ಸನ್–ನಿಸ್ಸೆನ್‌ಝ್ವೈಗ್ ಪ್ರಮೇಯದಿಂದ, ಇಂಥ ಫಲನಗಳು ಅನಂತ ಆಯಾಮದ ಪ್ರತಿಯೊಂದು ಬಾನಾಕ್ ಸ್ಪೇಸ್‌ನಲ್ಲೂ ಇವೆಯೆಂದು ತಿಳಿಯುತ್ತದೆ.

ಆದರೆ ಬಿಂದುಗಳು ಒಂದು ಕಾಂಪ್ಯಾಕ್ಟ್ ಗಣದಲ್ಲಿದ್ದರೆ (ಅದರ ಪ್ರತಿ ಅನುಕ್ರಮಕ್ಕೂ ಗಣದೊಳಗೇ ಸೇರುವ ಉಪಾನುಕ್ರಮವಿದ್ದರೆ) ಚಿತ್ರವೇ ಬದಲಾಗುತ್ತದೆ, ಮತ್ತು ಈ ವಾದ ನನಗೆ ಬಹಳ ಪ್ರಿಯವಾದದ್ದು. ಆ ಗಣವನ್ನೂ, ಸಮೀಪನ ಬೇಕಾದ ಇನ್ನೊಂದು ಕಾಂಪ್ಯಾಕ್ಟ್ ಗಣವನ್ನೂ ಒಟ್ಟಿಗೆ ಒಳಗೊಳ್ಳುವ, ಸಂವೃತವೂ ಸಂತುಲಿತವೂ (ಮಾನಾಂಕ 1 ಮೀರದ ಸಂಖ್ಯೆಯಿಂದ ಗುಣಿಸಿದರೂ ತನ್ನೊಳಗೇ ಉಳಿಯುವ) ಆದ ಪೀನ ಗಣವನ್ನು ತೆಗೆದುಕೊಳ್ಳಿ. ಮಜೂರ್ ಪ್ರಮೇಯದಿಂದ ಅದನ್ನು ಕಾಂಪ್ಯಾಕ್ಟ್ ಆಗಿಯೇ ಆರಿಸಬಹುದು. ಅದನ್ನು ಏಕಮಾನ ಗೋಳವಾಗಿ ಉಳ್ಳ ಚಿಕ್ಕ ಸ್ಪೇಸ್ ತಾನೇ ಒಂದು ಬಾನಾಕ್ ಸ್ಪೇಸ್, ಮತ್ತು ಅದರ ಪ್ರತಿಯೊಂದು ಗೋಳವೂ ಮೂಲ ಸ್ಪೇಸ್‌ನಲ್ಲಿ ಕಾಂಪ್ಯಾಕ್ಟ್ ಆದ್ದರಿಂದ ಫಲನ ಅಲ್ಲೆಲ್ಲ ಪರಿಬದ್ಧ. ಕೆರ್ಗಿನ್ ಬಹುಪದೋಕ್ತಿಯನ್ನು ಮೊದಲು ಮೂಲ ಸ್ಪೇಸ್‌ನಲ್ಲಿ ಕಟ್ಟಿ ಆಮೇಲೆ ಚಿಕ್ಕ ಸ್ಪೇಸ್‌ಗೆ ಸೀಮಿತಗೊಳಿಸಿದರೂ, ಅಲ್ಲಿಯೇ ನೇರವಾಗಿ ಕಟ್ಟಿದರೂ ಸಿಗುವುದು ಒಂದೇ. ಆದ್ದರಿಂದ ಮೇಲಿನ ಅಂದಾಜನ್ನು ಅಲ್ಲಿ ಬಳಸಬಹುದು, ಮತ್ತು ಎಲ್ಲೆಡೆ ಹೋಲೋಮಾರ್ಫಿಕ್ ಆದ ಪ್ರತಿಯೊಂದು ಫಲನಕ್ಕೂ ಈ ಬಹುಪದೋಕ್ತಿಗಳು ಕಾಂಪ್ಯಾಕ್ಟ್ ಗಣಗಳ ಮೇಲೆ ಏಕರೂಪವಾಗಿ ಫಲನವನ್ನೇ ಸೇರುತ್ತವೆ.