ಹಪ್ಪಳದ ಪೇಜಿಗೆ ಲೈಕ್ ಬರುತ್ತೆ, ಕಾಮೆಂಟ್ ಒಂದೂ ಇಲ್ಲ ಮಾರಾಯ್ರೆ

ಹಪ್ಪಳದಕ್ಕ_ಸಾಗರ:
ಎಲ್ರಿಗೂ ನಮಸ್ಕಾರ. ಸಾಗರದ ಹತ್ರ ನಮ್ಮ ಹಳ್ಳಿ, ಮನೇಲೇ ನಾನು ಅತ್ತೆ ಸೇರ್ಕೊಂಡು ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರ್ತೀವಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡ್ರಲ್ಲೂ ಪೇಜ್ ಇದೆ, 1400 ಚಿಲ್ರೆ ಫಾಲೋವರ್ಸ್. ಏನು ಹಾಕಿದ್ರೂ ಮೂವತ್ತು ನಲವತ್ತು ಲೈಕ್ ಬೀಳುತ್ತೆ, ಅದ್ರಲ್ಲೂ ಅರ್ಧ ನೆಂಟ್ರೇ, ಕಾಮೆಂಟ್ ಅಂದ್ರೆ ನಮ್ಮ ಚಿಕ್ಕಮ್ಮ ಹಾಕೋ ಎರಡು ಕೈಮುಗಿಯೋ ಚಿತ್ರ, ಮುಗೀತು. "ನಮ್ಮ ಹಪ್ಪಳ ನಿಮಗೆ ಇಷ್ಟಾನಾ? ಕಾಮೆಂಟ್ ಮಾಡಿ" ಅಂತ ಕೇಳಿ ನೋಡ್ದೆ, ಹಬ್ಬದ ಶುಭಾಶಯದ ಬ್ಯಾನರ್ ಮಾಡಿಸೋಕೆ ಒಬ್ಬ ಹುಡುಗನಿಗೆ ದುಡ್ಡೂ ಕೊಟ್ಟೆ, ಏನೂ ಇಲ್ಲ. ಈಗ ಯಾರೋ "ಐದು ಜನರನ್ನ ಟ್ಯಾಗ್ ಮಾಡಿ ಶೇರ್ ಮಾಡಿದೋರಿಗೆ ಒಂದು ಕಟ್ಟು ಹಪ್ಪಳ ಫ್ರೀ ಅಂತ ಹಾಕು" ಅಂತಿದಾರೆ. ಹಾಕ್ಲಾ?

ಆಗುಂಬೆ_ಮಳೆ:
ಬೇಡ ಅಕ್ಕ. ಫೇಸ್‌ಬುಕ್ ಪೇಜ್ ರೂಲ್ಸಲ್ಲೇ ಅದಕ್ಕೆ ಅವಕಾಶ ಇಲ್ಲ, ಸ್ಪರ್ಧೆಗೆ ಸೇರ್ಬೇಕಂದ್ರೆ ನಿಮ್ಮ ಟೈಮ್‌ಲೈನಲ್ಲಿ ಶೇರ್ ಮಾಡಿ, ಫ್ರೆಂಡ್ಸ್‌ನ ಟ್ಯಾಗ್ ಮಾಡಿ ಅನ್ನೋ ಹಾಗಿಲ್ಲ. ಅದೂ ಅಲ್ದೆ ಲೈಕ್ ಒತ್ತಿ, ಟ್ಯಾಗ್ ಮಾಡಿ ಅಂತ ಗೋಗರೆಯೋ ಪೋಸ್ಟ್‌ಗಳನ್ನ ಕೆಳಗೆ ತಳ್ತೀವಿ ಅಂತ 2017ರ ಡಿಸೆಂಬರಲ್ಲೇ ಅವ್ರು ಹೇಳಿದಾರೆ. ಫ್ರೀ ಹಪ್ಪಳಕ್ಕೆ ಬಂದೋರು ಹಪ್ಪಳ ತಿಂದು ಹೋಗ್ತಾರೆ ಅಷ್ಟೇ.

ಗಿಡದಂಗಡಿ_ಶಿವಮೊಗ್ಗ:
ನಂದು ಸಣ್ಣ ನರ್ಸರಿ, ನಿಮ್ದೇ ಕಥೆ ನಂದೂ ಆಗಿತ್ತು. ಮಳೆಗಾಲದ ಆಫರ್ ಅಂತ ಕಾಳುಮೆಣಸಿನ ಗಿಡದ ಚಂದದ ಫೋಟೋ ಹಾಕಿದ್ರೆ ನಾಯಿನೂ ಮೂಸ್ತಿರ್ಲಿಲ್ಲ. ಒಂದಿನ ಬೇಜಾರಲ್ಲಿ ತೋಟದಲ್ಲಿ ಬೋರ್ಡೋಗೆ, ಅಂದ್ರೆ ಅಡಿಕೆ ಕೊಳೆ ರೋಗಕ್ಕೆ ಹೊಡೆಯೋ ತುತ್ತ-ಸುಣ್ಣದ ದ್ರಾವಣಕ್ಕೆ, ಮೈಲುತುತ್ತ ಕಲಸ್ತಿದ್ದ ಡ್ರಮ್ಮಿನ ಫೋಟೋ ತೆಗ್ದು, ಕೈ ಎಲ್ಲ ನೀಲಿ ಆಗಿತ್ತು ಅದೂ ಕಾಣ್ತಿತ್ತು, "ನಿಮ್ ಕಡೆ ಅಡಿಕೆಗೆ ಮೊದಲನೇ ಬೋರ್ಡೋ ಯಾವಾಗ ಹೊಡೀತೀರಿ, ಮಳೆ ಹಿಡಿಯೋ ಮುಂಚೆನೋ ಒಂದು ಮಳೆ ನೋಡ್ಕೊಂಡೋ" ಅಂತ ಬರ್ದೆ. ಅಷ್ಟೇ, ಹೊಸನಗರದೋರು ಒಂದು ಹೇಳೋದು ಕೊಪ್ಪದೋರು ಇನ್ನೊಂದು ಹೇಳೋದು, ರಾತ್ರಿ ಹನ್ನೊಂದಾದ್ರೂ ಜಗಳ ನಿಲ್ಲಲಿಲ್ಲ. ನಾನು ಸುಣ್ಣದ ಅಳತೆ ತಪ್ಪು ಬರ್ದಿದ್ದೆ, ಒಬ್ಬ ಹಿರಿಯರು "ತಮ್ಮಾ, 100 ಲೀಟರಿಗೆ ತುತ್ತ 1 ಕೆಜಿ, ಸುಣ್ಣ 1 ಕೆಜಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಯಬೇಕು" ಅಂತ ತಿದ್ದಿದ್ರು. ಅದನ್ನೇ ಎಲ್ಲಕ್ಕಿಂತ ಮೇಲೆ ಕಾಣೋ ಹಾಗೆ ಪಿನ್ ಮಾಡ್ದೆ, ಇನ್‌ಸ್ಟಾಗ್ರಾಂನಲ್ಲಿ ಮೂರು ಕಾಮೆಂಟ್ ತನಕ ಪಿನ್ ಮಾಡ್ಬಹುದು. ಆಮೇಲೆ ಅವ್ರು ಪ್ರತಿ ಪೋಸ್ಟಿಗೂ ಬರ್ತಾರೆ.

ಇಷ್ಟಾನಾ ಅಂತ ಕೇಳಿದ್ರೆ ಜನ ಹೂಂ ಅಂದು ಎದ್ದು ಹೋಗ್ತಾರೆ ಕಣಕ್ಕ. ಅವ್ರ ಮನೇಲಿ ಹೆಂಗೆ ಮಾಡ್ತಾರೆ ಅಂತ ಕೇಳಿ, ಮಲೆನಾಡಲ್ಲಿ ಮಿಡಿಗೆ ತೊಟ್ಟು ಎಷ್ಟು ಬಿಡ್ಬೇಕು ಅನ್ನೋದ್ರಲ್ಲೇ ನಾಲ್ಕು ಮನೆಗೆ ಐದು ಅಭಿಪ್ರಾಯ ಇದೆ! ಇನ್ನೊಂದು, ಹಾಕಿ ಕೊಟ್ಟಿಗೆಗೆ ಹೋಗ್ಬೇಡಿ. ಒಂದು ಗಂಟೆ ಕೂತು ಉತ್ತರ ಬರೀರಿ, ಬರೀ ಥ್ಯಾಂಕ್ಸ್ ಅಲ್ಲ, ತಿರುಗಿ ಏನಾದ್ರೂ ಕೇಳಿ. ಹಾಕೋಕೆ ಒಳ್ಳೆ ಟೈಮ್ ಯಾವ್ದು ಅಂತ ಇನ್‌ಸ್ಟಾಗ್ರಾಂನ ಇನ್‌ಸೈಟ್ಸಲ್ಲಿ, ಅಂದ್ರೆ ಫಾಲೋವರ್ಸ್ ಯಾವಾಗ ಆನ್‌ಲೈನ್ ಇರ್ತಾರೆ ಅಂತ ತೋರ್ಸೋ ಲೆಕ್ಕದಲ್ಲಿ ಸಿಗುತ್ತೆ, ಅದಕ್ಕೆ ಅಕೌಂಟ್ ಬಿಸಿನೆಸ್‌ಗೆ ಬದಲಾಯಿಸ್ಕೋಬೇಕು, ದುಡ್ಡೇನಿಲ್ಲ. ಕರೆಂಟ್ ಇದ್ದಾಗ ಹಾಕೋದು ನಮ್ಮೂರಿನ ರೂಲು, ಅದು ಬೇರೆ.

ಲೆಕ್ಕದ_ಮನುಷ್ಯ:
ಕಾಮೆಂಟ್ ತಿಂದು ಹೊಟ್ಟೆ ತುಂಬಲ್ಲ, ನನ್ನ ವ್ಯಾಪಾರ ಎಲ್ಲಾ ವಾಟ್ಸಾಪ್ ಸ್ಟೇಟಸ್ಸಲ್ಲೇ ನಡೆಯುತ್ತೆ. ಇರ್ಲಿ, ನಿಮ್ಮ ಪ್ರೊಫೈಲಲ್ಲಿ ಲಿಂಕ್ ಇತ್ತು, ಪೇಜ್ ನೋಡ್ದೆ. ಕಾಮೆಂಟ್ ಇಲ್ಲ ಅಂತೀರಲ್ಲ, ಮಿಡಿ ಫೋಟೋ ಕೆಳಗೆ ಮೂರು ಜನ ರೇಟ್ ಕೇಳಿದಾರೆ, ಅದು ಕಾಮೆಂಟ್ ಅಲ್ವಾ? ಮೂರಕ್ಕೂ "ಇನ್‌ಬಾಕ್ಸ್ ನೋಡಿ" ಅಂದಿದೀರಿ. ಸಂತೇಲಿ ರೇಟ್ ಕೇಳಿದ್ರೆ ಹಿತ್ಲಿಗೆ ಬನ್ನಿ ಹೇಳ್ತೀನಿ ಅಂದಂಗಾಯ್ತು.

ಹಪ್ಪಳದಕ್ಕ_ಸಾಗರ:
ಅಯ್ಯೋ ಹೌದಲ್ವಾ ಸರ್, ರೇಟ್ ಹಾಕಿದ್ರೆ ಪಕ್ಕದೋರು ಹತ್ತು ರೂಪಾಯಿ ಕಮ್ಮಿ ಮಾಡ್ತಾರೆ ಅಂತ ಹೆದ್ರಿಕೆ ಇತ್ತು. ನೋಡ್ತೀನಿ.

ಹಪ್ಪಳದಕ್ಕ_ಸಾಗರ (ಒಂಬತ್ತು ದಿನದ ಮೇಲೆ):
ಹೇಳಿದ್ನ ಮಾಡ್ದೆ. ಒಲೆ ಕೆಂಡದ ಮೇಲೆ ಸುಡ್ತಿರೋ ಹಪ್ಪಳದ ಫೋಟೋ, ಒಂದು ಕಡೆ ಗುಳ್ಳೆ ಎದ್ದಿದೆ ಇನ್ನೊಂದು ಕಡೆ ಸ್ವಲ್ಪ ಕಪ್ಪಾಗಿದೆ, ಚಂದ ಇಲ್ಲ ಅಂತ ಬಿಡ್ತಿದ್ದೆ, ಅತ್ತೆ ಅದೇ ಹಾಕು ಅಂದ್ರು. "ನಿಮ್ಮನೇಲಿ ಸುಡೋದಾ, ಕೊಬ್ಬರಿ ಎಣ್ಣೇಲಿ ಕರಿಯೋದಾ" ಅಂತ ಅಷ್ಟೇ ಕೇಳಿದ್ದು. 47 ಕಾಮೆಂಟ್! ಬೆಂಗ್ಳೂರಲ್ಲಿರೋ ಒಬ್ರು ಗ್ಯಾಸಿನ ಮೇಲೆ ಜಾಲರಿ ಇಟ್ಟು ಸುಡ್ತೀವಿ ಅಂದಿದ್ದಕ್ಕೆ ಒಬ್ಬ ಅಜ್ಜ ಅದು ಹಪ್ಪಳಾನೇ ಅಲ್ಲ ಅಂದ್ರು, ತೆಂಗಿನಕಾಯಿ ಚೂರು ಇಲ್ದೆ ತಿನ್ನೋರ ಹತ್ರ ಮಾತೇ ಆಡಲ್ಲ ಅಂತ ಇನ್ನೊಬ್ರು.

ಮಧ್ಯದಲ್ಲಿ ಒಬ್ರು "ಹೋದ ಸಲ ತಗೊಂಡಿದ್ದು ಎಣ್ಣೆಗೆ ಹಾಕಿದ ತಕ್ಷಣ ಕೆಂಪಾಯ್ತು, ಹಳೇದು ಕೊಟ್ರಾ" ಅಂತ ಹಾಕಿದ್ರು. ಎದೆ ಧಸಕ್ ಅಂತು, ಅಳಿಸೋಣ ಅಂತ ಬೆರಳು ಇಟ್ಟಿದ್ದೆ. ಆಮೇಲೆ ನಿಜ ಬರ್ದೆ, ಹಳೇದಲ್ಲ, ಕಾಯಿ ಸ್ವಲ್ಪ ಹಣ್ಣಿನ ಕಡೆ ತಿರುಗಿತ್ತು, ಸಿಹಿ ಬಂದ್ರೆ ಕರಿದಾಗ ಕೆಂಪಾಗುತ್ತೆ, ನಮ್ದೇ ತಪ್ಪು, ಇನ್ನೊಂದು ಕಟ್ಟು ಕಳಿಸ್ತೀನಿ ಅಂತ. ಅದರ ಕೆಳಗೇ ಹಪ್ಪಳಕ್ಕೆ ಕಾಯಿ ಹೆಂಗೆ ನೋಡಿ ಇಳಿಸೋದು ಅಂತ ನಾಲ್ಕು ಜನ ಕೇಳಿದಾರೆ, ನಾಳೆಯ ಪೋಸ್ಟ್ ಅದೇ.

ಆಗುಂಬೆ_ಮಳೆ:
ಅಜ್ಜನ ಪಾರ್ಟಿ ನಾನು. ಅಕ್ಕ, 25ರ ಕಟ್ಟಿಗೆ ಎಷ್ಟು?

ಹಪ್ಪಳದಕ್ಕ_ಸಾಗರ:
110 ರೂಪಾಯಿ, ಕೊರಿಯರ್ ಬೇರೆ. ಇಲ್ಲೇ ಹೇಳ್ತಿದೀನಿ ನೋಡಿ ಲೆಕ್ಕದ ಸರ್.