ಸಹಾಯ ಬೇಕು: ಸ್ಪ್ಯಾನಿಷ್‌ನಲ್ಲಿ ‘ಯಾವುದು ಚೆನ್ನಾಗಿದೆ’ ಅಂತ ಕೇಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಬಂದಿದ್ದೇನೆ. ಸ್ಪ್ಯಾನಿಷ್ ಬಲ್ಲವರು ದಯವಿಟ್ಟು ಸ್ವಲ್ಪ ಹೇಳಿಕೊಡಿ.

ಹೋಟೆಲಿನಲ್ಲಿ ‘ಕೆ ಮೆ ರೆಕೊಮಿಯೆಂದಾ?’, ಅಂದರೆ ಯಾವುದು ತಗೊಳ್ಳಲಿ ಹೇಳ್ತೀರಾ, ಎಂದು ಕೇಳುತ್ತೇನೆ. ಅದು ನಮ್ಮ ‘ನೀವು’ ಥರ ಮರ್ಯಾದೆಯ ಮಾತು. ಆದರೆ ಬಡಿಸುವವರು ನನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಾರೆ. ಹಾಗಾದರೆ ನಾನೂ ‘ರೆಕೊಮಿಯೆಂದಾಸ್’ ಅನ್ನಬಹುದಾ? ವಯಸ್ಸಾದವರಿಗೆ ಹಾಗನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಊಟದ್ದೇ ದೊಡ್ಡ ಚಿಂತೆ. ನಾನು ಸಸ್ಯಾಹಾರಿ. ‘ಸೋಯ್ ಬೆಹೆತಾರಿಯಾನಾ’ ಅಂದರೂ ಎನ್ಸಲಾದಾ ಮಿಕ್ಸ್ತಾ (ಮಿಶ್ರ ಸಲಾಡ್) ತಗೊಳ್ಳಿ ಅನ್ನುತ್ತಾರೆ. ಬರೀ ಸೊಪ್ಪು, ಟೊಮೆಟೊ ಅಂದುಕೊಂಡರೆ ಮೇಲೆ ಟ್ಯೂನಾ ಮೀನು ಹರಡಿರುತ್ತೆ! ಬಟಾಣಿ ಪಲ್ಯದಲ್ಲೂ ಹಂದಿಮಾಂಸದ ಸಣ್ಣ ಚೂರುಗಳು. ಈಗ ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಾಮೋನ್’ (ಮಾಂಸ, ಮೀನು, ಹಂದಿಮಾಂಸ ಬೇಡ) ಎಂದು ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಇದನ್ನೇ ಚಿಕ್ಕದಾಗಿ, ಒರಟಾಗದ ಹಾಗೆ ಕೇಳೋದು ಹೇಗೆ?

ಹಣ್ಣಿನ ಅಂಗಡಿಯಲ್ಲಿ ಮಾತ್ರ ತುಂಬ ಖುಷಿ. ಕಲ್ಲಂಗಡಿ ಕೇಳಿದರೆ ‘ಪಾರಾ ಓಯ್?’, ಇವತ್ತಿಗಾ, ಎಂದು ವಿಚಾರಿಸಿ, ತಟ್ಟಿ ನೋಡಿ ಅವರೇ ಆರಿಸಿಕೊಡುತ್ತಾರೆ.

ಕೊನೆಯದಾಗಿ, ಹಲ್ಲಿನ ಡಾಕ್ಟರ್ ಬಗ್ಗೆ ಪಕ್ಕದ ಮನೆಯವರನ್ನು ವಿಚಾರಿಸಬೇಕು. ‘ಕೊನೊಥೆಸ್ ಅಲ್ಗುನ್ ದೆಂತಿಸ್ತಾ ಬುಯೆನೊ?’ (ಒಳ್ಳೆಯ ಹಲ್ಲಿನ ಡಾಕ್ಟರ್ ಯಾರಾದರೂ ಗೊತ್ತಾ?) ಅಂದರೆ ಸಾಕಾ? ಸ್ಪೇನ್‌ನಲ್ಲಿರುವವರು ದಿನಾ ಹೇಗೆ ಕೇಳುತ್ತೀರೋ ಹಾಗೇ ಬರೆಯಿರಿ.